ಪದಚರ್ಚೆ: ‘ಪ್ರತಿದೀಪ್ತಿ’ ಎಂಬ ಒಂದೇ ಪದ ಎರಡು ಪರೀಕ್ಷೆಗಳಿಗೆ ಸಾಕೆ?

ಮಾನ್ಯರೆ,

ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ ರೋಗಿಗಳು ಓದಬೇಕಾದ ತಿಳಿವಳಿಕೆ ಪತ್ರವೊಂದನ್ನು ಮೈಸೂರಿನಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ಓದುವವರಲ್ಲಿ ಮಳವಳ್ಳಿ, ನಾಗಮಂಗಲದ ಕಡೆಯಿಂದ ಬರುವವರೂ ಇರುವುದರಿಂದ ‘ಫ್ಲೋರೆಸೆನ್ಸ್’ಗೆ, ಎಂದರೆ ಬಿದ್ದ ಬೆಳಕನ್ನು ಹೀರಿ ಬೇರೆ ಬೆಳಕನ್ನು ಹೊಮ್ಮಿಸುವ ಗುಣಕ್ಕೆ, ಬಳಸುವ ‘ಪ್ರತಿದೀಪ್ತಿ’ ಎಂಬ ಪದದ ವಿಚಾರದಲ್ಲಿ ಬಲ್ಲವರ ನೆರವು ಬೇಕಾಗಿದೆ.

ಥೈರಾಯ್ಡಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಈ ಪುಟ್ಟ ಗ್ರಂಥಿಗಳು ಸುತ್ತಲಿನ ಕೊಬ್ಬಿನಲ್ಲಿ ಗುರುತು ಸಿಗದೆ ಥೈರಾಯ್ಡಿನೊಡನೆ ಹೊರಬಂದರೆ, ಅಥವಾ ಅವುಗಳಿಗೆ ರಕ್ತ ತರುವ ಸಣ್ಣ ನಾಳಗಳಿಗೆ ಪೆಟ್ಟಾದರೆ, ಕ್ಯಾಲ್ಸಿಯಂ ಇಳಿದು ರೋಗಿಗೆ ಬಾಯಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಗುಟ್ಟಬಹುದು, ಕೈಕಾಲು ಸೆಟೆದುಕೊಳ್ಳಬಹುದು.

ಇದನ್ನು ತಪ್ಪಿಸಲು ನೆರವಾಗುವ, ಬೆಳಕನ್ನು ಬಳಸುವ ಎರಡು ವಿಧಾನಗಳು ಆ ತಿಳಿವಳಿಕೆ ಪತ್ರದಲ್ಲಿವೆ. ಒಂದರಲ್ಲಿ 785 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕು ಬಿದ್ದಾಗ ಗ್ರಂಥಿಯು ಯಾವ ಔಷಧಿಯ ಹಂಗೂ ಇಲ್ಲದೆ 820ರ ಸುಮಾರಿನ ಬೆಳಕನ್ನು ಹೊಮ್ಮಿಸುತ್ತದೆ. ಕಣ್ಣಿಗೆ ಕಾಣದ ಅದನ್ನು ಕ್ಯಾಮೆರಾ ಹಿಡಿಯುತ್ತದೆ. ಇನ್ನೊಂದರಲ್ಲಿ ಇಂಡೊಸಯನೀನ್ ಗ್ರೀನ್ ಎಂಬ ವರ್ಣಕವನ್ನು ರಕ್ತನಾಳಕ್ಕೆ ಚುಚ್ಚಿದಾಗ, ರಕ್ತ ಚೆನ್ನಾಗಿ ಹರಿಯುವ ಗ್ರಂಥಿ ಕ್ಯಾಮೆರಾದಲ್ಲಿ ಬೆಳಗುತ್ತದೆ, ಹರಿಯದಿದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಮೊದಲನೆಯದರಿಂದ ಗ್ರಂಥಿ ಎಲ್ಲಿದೆಯೆಂದು ತಿಳಿಯುತ್ತದೆ, ಎರಡನೆಯದರಿಂದ ಅದಕ್ಕೆ ರಕ್ತ ಬರುತ್ತಿದೆಯೇ ಎಂದು ತಿಳಿಯುತ್ತದೆ. ರಕ್ತ ನಿಂತುಹೋದ ಗ್ರಂಥಿಯೂ, ಕೊಯ್ದು ಹೊರತೆಗೆದ ಗ್ರಂಥಿಯೂ ಮೊದಲನೆಯ ವಿಧಾನದಲ್ಲಿ ಬೆಳಗುತ್ತಲೇ ಇರುತ್ತವೆ. ಆದ್ದರಿಂದ ಎರಡಕ್ಕೂ ಬರಿಯ ‘ಪ್ರತಿದೀಪ್ತಿ ಪರೀಕ್ಷೆ’ ಎಂದು ಬರೆದರೆ, ಗ್ರಂಥಿ ಬೆಳಗಿತೆಂದರೆ ಸುರಕ್ಷಿತವಾಗಿ ಉಳಿಯಿತೆಂದೇ ರೋಗಿಯ ಮನೆಯವರು ತಿಳಿಯುವ ಅಪಾಯವಿದೆ.

‘ಪ್ರತಿದೀಪ್ತಿ’ಯಲ್ಲಿರುವ ‘ಪ್ರತಿ’ಯು ಪ್ರತಿಫಲನವನ್ನು ನೆನಪಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಇಲ್ಲಿ ಬಿದ್ದ ಬೆಳಕು ಹೀರಲ್ಪಟ್ಟು ಬೇರೊಂದು ತರಂಗಾಂತರದಲ್ಲಿ ಹೊರಬರುತ್ತದೆ. ಆದರೂ ಪಠ್ಯಪುಸ್ತಕಗಳಲ್ಲಿ ನೆಲೆನಿಂತ ಪದವನ್ನು ಬಿಡಲು ನನಗೆ ಮನಸ್ಸಿಲ್ಲ. ನನ್ನ ತೊಡಕಿರುವುದು ಅದರ ವಿಶೇಷಣದಲ್ಲಿ. ಮೊದಲನೆಯ ವಿಧಾನಕ್ಕೆ ‘ಸ್ವಯಂ ಪ್ರತಿದೀಪ್ತಿ’ ಎಂದರೆ, ಹೊರಗಿನ ಬೆಳಕಿಲ್ಲದೆಯೇ ಮಿಂಚುಹುಳದಂತೆ ತಾನಾಗಿ ಹೊಳೆಯುತ್ತದೆ ಎಂಬ ಅರ್ಥ ಬರುತ್ತದೆ. ಹಾಗಾಗಿ ಮೊದಲನೆಯದಕ್ಕೆ ‘ಸಹಜ ಪ್ರತಿದೀಪ್ತಿ’, ಎರಡನೆಯದಕ್ಕೆ ‘ವರ್ಣಕ ಪ್ರತಿದೀಪ್ತಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಈ ಪರೀಕ್ಷೆಗಳನ್ನು ‘ಗ್ರಂಥಿಯ ಮೌಲ್ಯಮಾಪನ’ ಎಂದು ಕರೆಯುವುದನ್ನು ಮಾತ್ರ ಪೂರ್ತಿ ಕೈಬಿಟ್ಟಿದ್ದೇನೆ, ಏಕೆಂದರೆ ಅದು ಉತ್ತರಪತ್ರಿಕೆಗೆ ಸಲ್ಲುವ ಮಾತು. ‘ಗ್ರಂಥಿಯ ಸ್ಥಿತಿ ನೋಡುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

‘ಸಹಜ’ ಎಂಬ ವಿಶೇಷಣದಿಂದ ‘ಸಹಜವಾಗಿದೆ, ಎಂದರೆ ದೋಷವಿಲ್ಲ’ ಎಂಬ ಅರ್ಥವೂ ಹೊರಡಬಹುದೇ? ಹೊರಡುವುದಾದರೆ ಅದರ ಬದಲು ಯಾವ ಪದ ಹೊಂದೀತು? ಬಲ್ಲವರು ದಯವಿಟ್ಟು ತಿಳಿಸಬೇಕು.