ಸಹಾಯ ಬೇಕು: ಕೆಡವಿದ ಕ್ರೀಡಾಂಗಣಗಳಲ್ಲಿ ನುಡಿಸಿದ ಡ್ರಮ್ ಕೋರ್ ಹಿರಿಯರ ನೆನಪುಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರ. ಡ್ರಮ್ ಕೋರ್ ಎಂದರೆ ಮೈದಾನದಲ್ಲಿ ಕವಾಯತು ಮಾಡುತ್ತ ಊದುವ ವಾದ್ಯಗಳನ್ನೂ ಡ್ರಮ್‌ಗಳನ್ನೂ ನುಡಿಸುವ ತಂಡ. 1977 ಮತ್ತು 1978ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್ ನಡೆದ ಡೆನ್ವರ್‌ನ ಮೈಲ್ ಹೈ ಕ್ರೀಡಾಂಗಣವನ್ನು 2002ರಲ್ಲಿ, 1983ರಲ್ಲಿ ಗಾರ್ಫೀಲ್ಡ್ ಕೆಡೆಟ್ಸ್ ತಂಡ ಗೆದ್ದ ಮಯಾಮಿಯ ಆರೆಂಜ್ ಬೌಲನ್ನು 2008ರಲ್ಲಿ ಕೆಡವಲಾಯಿತು. ಅಲ್ಲಿ ಬ್ಯೂಗಲ್ ಊದಿದ, ಸ್ನೇರ್ ಡ್ರಮ್ ಬಾರಿಸಿದ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ ಕನ್ನಡದಲ್ಲಿ ಬರೆದಿಡಬೇಕೆಂಬುದು ನನ್ನ ಆಸೆ. ಫಲಿತಾಂಶಗಳು ದಾಖಲೆಯಲ್ಲಿವೆ, ಆದರೆ ಪ್ರೇಕ್ಷಕರು ಕಾಲು ಬಡಿದಾಗ ಗುಡುಗುತ್ತಿದ್ದ ಮೈಲ್ ಹೈನ ಉಕ್ಕಿನ ಗ್ಯಾಲರಿಯ ಸದ್ದು ಮೈದಾನದ ನಡುವೆ ನಿಂತವರಿಗೆ ಹೇಗೆ ಕೇಳಿಸಿತು, ತಡವಾಗಿ ಮರಳುವ ಪ್ರತಿಧ್ವನಿಗೆ ಕಿವಿಗೊಡದೆ ತಂಡಕ್ಕೆ ತಾಳ ತೋರಿಸುವ ನಾಯಕರಾದ ಡ್ರಮ್ ಮೇಜರ್ ಅವರ ಕೈಯನ್ನೇ ನೋಡುತ್ತ ತಾಳ ಹಿಡಿದದ್ದು ಹೇಗೆ ಎಂಬುದನ್ನು ಅವರೇ ಹೇಳಬೇಕು. ನಿಮ್ಮ ನೆರೆಹೊರೆಯಲ್ಲೋ ಕಚೇರಿಯಲ್ಲೋ ಮಕ್ಕಳ ಶಾಲಾ ಬ್ಯಾಂಡಿನ ಶಿಕ್ಷಕರಲ್ಲೋ ಅಂಥವರಿದ್ದರೆ, ಅವರ ಒಪ್ಪಿಗೆ ಪಡೆದು ದಯವಿಟ್ಟು ನನಗೆ ಸಂದೇಶ ಕಳುಹಿಸಿ. ಎಲ್ಲರಿಗೂ ವಯಸ್ಸಾಗುತ್ತಿರುವುದರಿಂದ ಬೇಗ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.