ಸಹಾಯ ಬೇಕು: ದೇವರ ವಾಕ್ಯವನ್ನು ಮನಸ್ಸಿಟ್ಟು ಕೇಳುವುದು ಹೇಗೆ?

ಗುಂಪಿನ ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ಭಾನುವಾರದ ಆರಾಧನೆಯಲ್ಲಿ ಸತ್ಯವೇದ (ಬೈಬಲ್) ಪಾಠ ಓದುವ ಸರದಿ ಹಲವು ವರ್ಷಗಳಿಂದ ನನಗೂ ಬರುತ್ತದೆ. ಅದರಿಂದಲೋ ಏನೋ, ಬೇರೆಯವರು ಓದುವಾಗ ನನ್ನ ಮನಸ್ಸು ವಾಕ್ಯವನ್ನು ಬಿಟ್ಟು ಉಚ್ಚಾರಣೆಯ ತಪ್ಪುಗಳನ್ನೇ ಹೆಕ್ಕುತ್ತಾ ಕೂರುತ್ತದೆ. ಹೋದ ವಾರ ಬಿತ್ತುವವನ ಸಾಮ್ಯವನ್ನು, ಅಂದರೆ ವಾಕ್ಯವನ್ನು ಬೇರೆ ಬೇರೆ ನೆಲದಲ್ಲಿ ಬಿದ್ದ ಬೀಜಕ್ಕೆ ಹೋಲಿಸುವ ಯೇಸುವಿನ ದೃಷ್ಟಾಂತ ಕಥೆಯನ್ನು ಓದಿದರು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಆ ಸಾಮ್ಯವನ್ನು ‘ಕೇಳಿರಿ’ ಎಂದೇ ಆರಂಭಿಸಿ, ಕಿವಿಯುಳ್ಳವನು ಕೇಳಲಿ ಎಂದೇ ಮುಗಿಸುತ್ತಾನೆ; ನಾನಾದರೋ ಗೊತ್ತಿರುವ ಕಥೆಯೇ ಎಂದುಕೊಂಡು ಮುಂದಿನ ಕೀರ್ತನೆಯ ಸಂಖ್ಯೆ ಹುಡುಕುತ್ತಿದ್ದೆ. ಒಳ್ಳೆಯ ನೆಲದಂಥವರು ವಾಕ್ಯವನ್ನು ಕೇಳಿ, ಹಿಡಿದಿಟ್ಟುಕೊಂಡು, ತಾಳ್ಮೆಯಿಂದ ಫಲ ಕೊಡುತ್ತಾರೆಂದು ಲೂಕ 8:15 ಹೇಳುತ್ತದೆ. ಆ ಹಿಡಿದಿಟ್ಟುಕೊಳ್ಳುವ ಕೆಲಸವೇ ನನಗೆ ಒಲಿಯದು. (ಬಾಲಕ ಸಮುವೇಲನೂ ಕರೆದದ್ದು ದೇವರೆಂದು ತಿಳಿಯದೆ ಮೂರು ಸಲ ಯಾಜಕ ಏಲಿಯ ಬಳಿಗೆ ಓಡಿದ್ದನಲ್ಲಾ ಎಂಬುದೊಂದೇ ಸಮಾಧಾನ.)

12ನೆಯ ಶತಮಾನದ ಕಾರ್ತೂಸಿಯನ್ ಎಂಬ ಕ್ರೈಸ್ತ ಸಂಘದ ಸನ್ಯಾಸಿ ಎರಡನೆಯ ಗಿಗೋ ವಾಕ್ಯವನ್ನು ಮನಸ್ಸಿಗೆ ತೆಗೆದುಕೊಳ್ಳುವ ಕ್ರಮವಾಗಿ ವಿವರಿಸಿದ, ಓದು, ಮನನ, ಪ್ರಾರ್ಥನೆ, ಧ್ಯಾನವೆಂಬ ನಾಲ್ಕು ಮೆಟ್ಟಿಲುಗಳನ್ನು ಕನ್ನಡ ಸತ್ಯವೇದದೊಂದಿಗೆ ಅಭ್ಯಾಸ ಮಾಡಿದವರು ಇಲ್ಲಿದ್ದರೆ, ಒಂದು ಸಲಕ್ಕೆ ಎಷ್ಟು ವಚನ ತೆಗೆದುಕೊಳ್ಳುತ್ತೀರಿ, ನಡುವೆ ಎಷ್ಟು ಹೊತ್ತು ಮೌನವಾಗಿರುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಅಮ್ಮನ ಕಣ್ಣು ಮಂಜಾಗಿರುವುದರಿಂದ ರಾತ್ರಿ ನಾನು ಗಟ್ಟಿಯಾಗಿ ಓದಿ ಅವರು ಕೇಳುತ್ತಾರೆ; ಓದುವವರಿಗೂ ಕೇಳುವವರಿಗೂ ಒಗ್ಗುವ ಕ್ರಮವಿದ್ದರೆ ಇನ್ನೂ ಉಪಕಾರವಾಗುತ್ತದೆ.