ಹೈಡ್ರಾಲಿಕ್ ಪಂಪನ್ನು ‘ಕೂರಿಸುವುದು’, ‘ಅಳವಡಿಸುವುದು’, ‘ಬಿಗಿಯುವುದು’

ಮಾನ್ಯರೇ,

ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿಗೆ (ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಗಳಿಗೆ ಕೊಡುವ ತಿರುಗುವ ದಂಡಕ್ಕೆ) ಹೈಡ್ರಾಲಿಕ್ ಪಂಪ್ ಹಾಕಿ ನಡೆಸುವ ಕೈಪಿಡಿ ನಾಳೆಯೇ ಅಚ್ಚಿಗೆ ಹೋಗಬೇಕೆಂದೂ, ‘ಆರೋಪಣೆ ಮತ್ತು ಚಾಲನೆ’ ಎಂಬ ತಲೆಬರಹ ಸರಿಯೇ ಎಂದೂ ಕೇಳಿದ್ದೀರಿ. ‘ಆರೋಪಣೆ’ ಬೇಡ. ಸಂಸ್ಕೃತದಲ್ಲಿ ಅದಕ್ಕೆ ಏರಿಸುವುದು ಎಂಬ ಅರ್ಥವಿರಬಹುದು. ಕನ್ನಡದಲ್ಲಿ ‘ಆರೋಪಿಸು’ ಎಂದೊಡನೆ ತಪ್ಪು ಹೊರಿಸುವುದೇ ನೆನಪಾಗುತ್ತದೆ.

ನಿಮಗೆ ಬೇಕಾದುದು ಒಂದು ಪದವಲ್ಲ, ಎರಡು: ‘ಅಳವಡಿಸು’ ಮತ್ತು ‘ಕೂರಿಸು’. ‘ಅಳವು’, ‘ಪಡು’ ಸೇರಿ ‘ಅಳವಡು’ ಆಗಿದೆ. ಅಳತೆಗೆ ಒಗ್ಗುವುದು ಅದರ ಮೂಲದ ಅರ್ಥ. ನಿಮಿಷಕ್ಕೆ 540 ಸುತ್ತಿನ ಪಿಟಿಒ ಶಾಫ್ಟಿಗೆ ಸಾಮಾನ್ಯವಾಗಿ 6 ಸ್ಪ್ಲೈನ್ ಹಲ್ಲುಗಳಿರುತ್ತವೆ, ಅಂದರೆ ಶಾಫ್ಟಿನ ಉದ್ದಕ್ಕೂ ಕೊರೆದ ಏಣುಗಳು. ಅದೇ 35 ಮಿ.ಮೀ. ದಪ್ಪದ 1000 ಸುತ್ತಿನ ಶಾಫ್ಟಿಗೆ 21 ಹಲ್ಲುಗಳಿರುತ್ತವೆ. ಗೇರಿನ ಹಲ್ಲುಗಳಿಂದ ಎಣ್ಣೆ ತಳ್ಳುವ ಹೆಚ್ಚಿನ ಗೇರ್ ಪಂಪುಗಳಿಗೆ 540 ಸುತ್ತು ಸಾಲದ ಕಾರಣ ನಡುವೆ ವೇಗವನ್ನು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಿಸುವ ಗೇರ್ ಪೆಟ್ಟಿಗೆಯನ್ನು ಇಡುತ್ತಾರೆ. ಹಲ್ಲು, ವೇಗ, ತಿರುಗುವ ದಿಕ್ಕು ಇವೆಲ್ಲವನ್ನೂ ಟ್ರ್ಯಾಕ್ಟರಿಗೆ ಹೊಂದಿಸಿಕೊಳ್ಳುವುದೇ ಅಳವಡಿಕೆ. ಅದಾದ ಮೇಲೆ ಹಲ್ಲಿಗೆ ಗ್ರೀಸ್ ಸವರಿ, ಪಂಪನ್ನು ಶಾಫ್ಟಿನ ಮೇಲೆ ಜಾರಿಸಿ, ಕೊಂಡಿ ಶಾಫ್ಟಿನ ಮೇಲಿನ ತೋಡಿನೊಳಗೆ ಟಕ್ಕೆಂದು ಬೀಳುವವರೆಗೆ ಒತ್ತುವುದು ‘ಕೂರಿಸುವುದು’. ‘ಕುಳ್ಳಿರಿಸು’ ಸವೆದು ಬಂದ ಈ ಮಾತು ಆಡುಮಾತೆಂದು ಹಿಂಜರಿಯಬೇಡಿ. ಕೆಲಸದವರು ‘ಸರಿಯಾಗಿ ಕೂತಿದೆಯಾ ನೋಡು’ ಎಂದೇ ಹೇಳುತ್ತಾರೆ.

ನಿಮ್ಮ ಕರಡಿನಲ್ಲಿರುವ ‘ಭದ್ರವಾಗಿ ಬಿಗಿಯಿರಿ’ ಎಂಬುದನ್ನು ಮಾತ್ರ ದಯವಿಟ್ಟು ಇಂದೇ ತೆಗೆಯಿರಿ. ಇಂತಹದೇ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ನಾನೂ ಹಾಗೆಯೇ ಬರೆದಿದ್ದೆ. ಪಂಪಿನ ಮೈ ಶಾಫ್ಟಿನೊಡನೆ ತಿರುಗದಂತೆ ತಡೆಯಲು ಒಂದು ಸರಳು ಅಥವಾ ಸರಪಳಿ ಇರುತ್ತದಲ್ಲ, ಓದಿದವರು ಆ ಸರಳನ್ನು ಟ್ರ್ಯಾಕ್ಟರಿನ ಮೈಗೆ ಬೋಲ್ಟ್ ಹಾಕಿ ಅಲುಗದಂತೆ ಬಿಗಿದುಬಿಟ್ಟರು. ಶಾಫ್ಟ್ ತಿರುಗುವಾಗ ಪಂಪು ತುಸು ಓಲಾಡಲು ಎಡೆಯಿಲ್ಲದೆ ಭಾರವೆಲ್ಲ ಬೇರಿಂಗಿನ ಮೇಲೆ ಬಿತ್ತು. ಕೆಲವೇ ದಿನಗಳಲ್ಲಿ ಸೀಲು ಹರಿದು, ಶಾಫ್ಟಿನ ಬುಡದಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಅಲ್ಲಿ ಬರೆಯಬೇಕಾಗಿದ್ದುದು ‘ತಿರುಗದಂತೆ ತಡೆಯಿರಿ, ಆದರೆ ಅಲುಗಲು ಬಿಡಿ’ ಎಂದು.

ಇನ್ನು, ನನಗಿಂತ ಮೊದಲು ಉತ್ತರಿಸಿದವರು ಹೈಡ್ರಾಲಿಕ್ ಪಂಪಿಗೆ ಸೂಚಿಸಿರುವ ‘ದ್ರವಚಾಲಿತ ರೇಚಕ’ವನ್ನು ಒಪ್ಪಲಾರೆ. ‘ದ್ರವಚಾಲಿತ’ ಎಂದರೆ ದ್ರವದಿಂದ ನಡೆಯುವುದು. ಈ ಪಂಪನ್ನು ನಡೆಸುವುದು ಟ್ರ್ಯಾಕ್ಟರು, ದ್ರವವನ್ನು ನಡೆಸುವುದು ಪಂಪು. ಸಮಾಸವೇ ತಲೆಕೆಳಗಾಗಿದೆ. ‘ರೇಚಕ’ವೂ ಅರ್ಧ ಪದ. ಪ್ರಾಣಾಯಾಮದ ಪೂರಕ, ಕುಂಭಕ, ರೇಚಕಗಳಲ್ಲಿ ರೇಚಕ ಉಸಿರು ಬಿಡುವುದಷ್ಟೇ, ಆದರೆ ಈ ಪಂಪು ಪೂರಕದಲ್ಲೂ, ಅಂದರೆ ಎಳೆದುಕೊಳ್ಳುವಾಗಲೂ, ಕೆಡಬಹುದು. ಎಳೆಯುವ ಕೊಳವೆ ಕಿರಿದಾಗಿದ್ದರೆ ಅಥವಾ ಟ್ಯಾಂಕು ಪಂಪಿಗಿಂತ ತೀರ ಕೆಳಗಿದ್ದರೆ ಎಳೆಯುವ ಬದಿಯಲ್ಲಿ ಒತ್ತಡ ಕುಸಿದು ಎಣ್ಣೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಅವು ಒತ್ತಡದ ಬದಿಗೆ ಬಂದು ಒಡೆಯುವಾಗ ಜಲ್ಲಿಕಲ್ಲು ಅರೆದಂತೆ ಸದ್ದಾಗಿ, ಗೇರಿನ ಉಕ್ಕಿನಲ್ಲೇ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಇದಕ್ಕೆ ಕಡಲ್ಕೊರೆತದ ಮಾದರಿಯಲ್ಲಿ ‘ಗುಳ್ಳೆಕೊರೆತ’ ಎಂದು ಬರೆಯಬಹುದು. ಓದಿದೊಡನೆ ಕಣ್ಣಿಗೆ ಕಟ್ಟುತ್ತದೆ.

‘ಪಂಪ್’ ಪರಭಾಷೆಯದು ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಚಿಕ್ಕದು: ‘ರೇಚಕ’ವೂ ಪರಭಾಷೆಯದೇ. ‘ಹೈಡ್ರಾಲಿಕ್’ನ ಮೂಲದಲ್ಲಿರುವ ನೀರಿನ ಗ್ರೀಕ್ ಪದವೂ ಸಂಸ್ಕೃತದ ‘ಉದಕ’ವೂ ಒಂದೇ ಬುಡದವು ಎಂದಮೇಲೆ, ಒಂದನ್ನು ಮನೆಯದೆಂದು, ಇನ್ನೊಂದನ್ನು ಹೊರಗಿನದೆಂದು ವಿಂಗಡಿಸುವುದು ಹೇಗೆ? ಹೊಲದಲ್ಲಿ ನಿಂತು ಓದುವವನಿಗೆ ಗೊತ್ತಿರುವುದು ಹೈಡ್ರಾಲಿಕ್ ಪಂಪ್. ಅದನ್ನೇ ಉಳಿಸಿ.

‘ಚಾಲನೆ’ ತಲೆಬರಹಕ್ಕೆ ಸಾಕು. ಸೂಚನೆಗಳಲ್ಲಿ ‘ಓಡಿಸಿ’ ಎಂದು ಬರೆದರೆ ಪಂಪನ್ನೋ ಟ್ರ್ಯಾಕ್ಟರನ್ನೋ ತಿಳಿಯದು. ‘ಟ್ಯಾಂಕಿಗೆ ಎಣ್ಣೆ ತುಂಬಿ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಪಿಟಿಒ ಹಾಕಿ, ಕೊಳವೆಯಲ್ಲಿನ ಗಾಳಿ ಹೊರಟುಹೋದ ಮೇಲೆ ವೇಗ ಏರಿಸಿ’ ಎಂದರೆ ಗೊಂದಲವಿಲ್ಲ. ಹಾಗೆಯೇ ‘ಸೋರಿಕೆಯನ್ನು ಪರೀಕ್ಷಿಸಿ’ ಎಂದಷ್ಟೇ ಬಿಡಬೇಡಿ, ಓದುಗ ಕೈಯಿಂದ ಸವರಿ ನೋಡುತ್ತಾನೆ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮವನ್ನು ಹೊಕ್ಕುಬಿಡುತ್ತದೆ. ‘ಕೈ ಒಡ್ಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ. ತಲೆಬರಹ ‘ಹೈಡ್ರಾಲಿಕ್ ಪಂಪಿನ ಅಳವಡಿಕೆ ಮತ್ತು ಚಾಲನೆ’ ಎಂದಿರಲಿ. ‘ಕೂರಿಸಿ’ ಒಳಪುಟದ ಸೂಚನೆಯಲ್ಲಿ ಬರಲಿ.